ಕೋಟ್ಟಮಲೆಯ ಹಳಗನ್ನಡ

ನಿತ್ಯಾನಂದನಿಗೆ ಮೂರು ಭಾಷೆ ಬರುತ್ತಿದ್ದವು. ಕೇರಳಕ್ಕೆ ಬಂದು ಹದಿನೇಳು ವರ್ಷವಾಗಿತ್ತು. ಆ ಮೂರರಲ್ಲಿ ಮಲಯಾಳ ಇರಲಿಲ್ಲ. ಇದನ್ನು ಅವನು ತನ್ನ ಜೀವಮಾನದ ಸಾಧನೆ ಎಂದೇ ತಿಳಿದಿದ್ದ.

ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅವನು ಹಿಂದಿ ಅಧಿಕಾರಿ. ಮಲಯಾಳಿಗಳು ಇಂಗ್ಲಿಷಿನಲ್ಲಿ ಬರೆದ ಪತ್ರಗಳನ್ನು ಯಾರೂ ಓದದ ಹಿಂದಿಗೆ ತಿರುಗಿಸುವುದು ಅವನ ಕೆಲಸ. ಕಚೇರಿಯಲ್ಲಿ ಹೊಟ್ಟೆಪಾಡಿಗೆ ಹಿಂದಿ, ಮಾತಿಗೆ ಇಂಗ್ಲಿಷು, ಕಳಮಶ್ಶೇರಿಯ ಮನೆಯಲ್ಲಿ ಅಪ್ಪಟ ಮೈಸೂರು ಕನ್ನಡ. ಆಟೋದವರಿಗೆ, ಅಂಗಡಿಯವರಿಗೆ ‘ಮದಿ’, ‘ವೇಂಡ’ ಎಂಬ ಎರಡು ಪದ ಕಲಿತಿದ್ದ. ಸಾಕು ಮತ್ತು ಬೇಡ. ಹದಿನೇಳು ವರ್ಷ ಒಂದು ಊರಿನ ಅನ್ನ ತಿಂದು ಆ ಊರಿನ ಭಾಷೆಯಲ್ಲಿ ಇವನು ಹೇಳಲು ಕಲಿತದ್ದು ಇಷ್ಟು. ತಲೆಗೂದಲು ಕತ್ತರಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಮೈಸೂರಿನಲ್ಲೇ ಆಗಬೇಕು. ಅಂಗಿ ಹೊಲಿಸುವುದು, ಹಲ್ಲು ಕೀಳಿಸುವುದು, ಕನ್ನಡಕ ಮಾಡಿಸುವುದು ಎಲ್ಲವೂ ಬೇಸಿಗೆ ರಜೆಯಲ್ಲಿ ದೇವರಾಜ ಅರಸು ರಸ್ತೆಯಲ್ಲೇ. ಕೊಚ್ಚಿಯ ಕನ್ನಡಕದ ಅಂಗಡಿಯ ಮೆಟ್ಟಿಲನ್ನು ಅವನು ಹತ್ತಿದವನೇ ಅಲ್ಲ. ಹತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಂಥವನ ಒಬ್ಬಳೇ ಮಗಳು ಸಮೀಕ್ಷಾ. ಹುಟ್ಟಿದ್ದು ಮೈಸೂರಿನ ಆಸ್ಪತ್ರೆಯಲ್ಲಿ, ಬೆಳೆದದ್ದು ಕಳಮಶ್ಶೇರಿಯ ಶಾಲೆಯಲ್ಲಿ. ಅಪ್ಪ ಪ್ರತಿ ಭಾನುವಾರ ಕೂರಿಸಿಕೊಂಡು ಕಾಗುಣಿತ ತಿದ್ದಿಸಿದ್ದ, ಹುಡುಗಿ ಕನ್ನಡ ಓದುತ್ತಿದ್ದಳು, ಬರೆಯುತ್ತಿದ್ದಳು. ಆದರೆ ಬಾಯಿ ತೆರೆದರೆ ಮಲಯಾಳ. ಅದಕ್ಕೆ ನಿತ್ಯಾನಂದ ಮನೆಯಲ್ಲಿ ಒಂದು ಕಾಯಿದೆ ತಂದಿದ್ದ. ಹೊಸ್ತಿಲ ಒಳಗೆ ಮಲಯಾಳದಲ್ಲಿ ಯಾರು ಏನೇ ಹೇಳಿದರೂ ಅವನು ಕೈ ಎತ್ತಿ, “ಕನ್ನಡದಲ್ಲಿ ಹೇಳು,” ಅನ್ನುತ್ತಿದ್ದ, ಹೇಳದಿದ್ದರೆ ಕಿವುಡನಾಗುತ್ತಿದ್ದ. ಈ ಕಾಯಿದೆಯಿಂದ ಮಗಳು ಕನ್ನಡ ಆಡುವುದು ಹೆಚ್ಚಲಿಲ್ಲ. ಅಪ್ಪನೊಂದಿಗೆ ಆಡುವುದು ಕಡಿಮೆಯಾಯಿತು, ಅಷ್ಟೆ.

ಪ್ಲಸ್ ಟೂ ಫಲಿತಾಂಶ ಬಂದ ಸಂಜೆ ಸಮೀಕ್ಷಾ ತಾನು ತಿರುವನಂತಪುರಕ್ಕೆ ಹೋಗಿ ಮಲಯಾಳ ಸಾಹಿತ್ಯ ಓದುತ್ತೇನೆಂದಳು. ಹಾಸ್ಟೆಲಿನ ಅರ್ಜಿಗೆ ತಂದೆಯ ಸಹಿ ಬೇಕಿತ್ತು.

ನಿತ್ಯಾನಂದ ಊಟದ ತಟ್ಟೆ ಬಿಟ್ಟು ಎದ್ದ. ಅವನು ಕೊಚ್ಚಿಯ ಕಾವೇರಿ ಕನ್ನಡ ಬಳಗದ ಕಾರ್ಯದರ್ಶಿ! ವರ್ಷಕ್ಕೆ ಎರಡು ಸಲ ಮೈಕಿನ ಮುಂದೆ ನಿಂತು, ನಮ್ಮ ಮಕ್ಕಳ ನಾಲಿಗೆಯಲ್ಲಿ ಕನ್ನಡ ಉಳಿಯಬೇಕು ಎಂದು ಕಣ್ಣೀರು ಹಾಕುವವನು. ಅವನ ಮಗಳು ಮಲಯಾಳದಲ್ಲಿ ಬಿ.ಎ. ಮಾಡುವುದೆಂದರೆ ಪುರೋಹಿತರ ಮಗ ಕಸಾಯಿಖಾನೆಗೆ ಅರ್ಜಿ ಹಾಕಿದಂತೆ ಎಂದು ಬಳಗದವರು ಆಡಿಕೊಳ್ಳುವುದಿಲ್ಲವೇ? ಇದು ಅವನು ಬಾಯಿಬಿಟ್ಟು ಹೇಳಿದ ಕಾರಣ. ಹೇಳದ ಕಾರಣ ಬೇರೆ ಇತ್ತು. ಶಾಲೆಯ ಪತ್ರಿಕೆಯಲ್ಲಿ ಅವಳ ಒಂದು ಮಲಯಾಳ ಕಥೆ ಅಚ್ಚಾಗಿ ಬಹುಮಾನ ಬಂದಿತ್ತು. ಅದನ್ನು ಅವನು ಬೀರುವಿನಲ್ಲಿ ಆಸ್ತಿಪತ್ರಗಳ ಜೊತೆ ಇಟ್ಟಿದ್ದ. ಯಾರೂ ಇಲ್ಲದಾಗ ತೆಗೆದು ನೋಡುತ್ತಿದ್ದ. ಒಂದಕ್ಷರ ತಿಳಿಯುತ್ತಿರಲಿಲ್ಲ. ಇನ್ನು ಈ ಹುಡುಗಿ ಜೀವಮಾನವೆಲ್ಲ ಬರೆಯುವುದು ತಾನು ಓದಲಾರದ ಅಕ್ಷರದಲ್ಲೇ ಎಂದು ನೆನೆದರೆ ಅವನಿಗೆ ಭಯವಾಗುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಕೋಟ್ಟಮಲ ಸಿಕ್ಕಿತು.

ಅವನ ಕಚೇರಿಯ ಪ್ರಮೋದ್ ತಿರುವನಂತಪುರದ ಕಡೆಯವನು. ರಜೆಗೆ ಊರಿಗೆ ಹೋದವನು ಅಲ್ಲಿಂದ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲೇ ಒಂದು ಸಂದೇಶ ಕಳಿಸಿದ. ನಮ್ಮೂರ ಹತ್ತಿರ ಕೋಟ್ಟಮಲ ಎಂಬ ಗುಡ್ಡವಿದೆ, ಮೇಲೆ ಬಹಳ ಹಳೆಯ ಹಾಳು ಕೋಟೆ, ಅಲ್ಲಿನ ದೊಡ್ಡ ಬಂಡೆಗೆ ‘ಕನ್ನಡ ಪಾರ’ ಎಂದು ಹೆಸರು, ಬಂಡೆಯ ಮೇಲೆ ಏನೋ ಬರಹವೂ ಇದೆ, ಒಮ್ಮೆ ಬನ್ನಿ ಸಾರ್. ಪಾರ ಎಂದರೆ ಬಂಡೆ ಎಂಬುದು ನಿತ್ಯಾನಂದನಿಗೂ ಗೊತ್ತಿತ್ತು. ಕನ್ನಡ ಎಂದರೆ ಏನೆಂದು ಅವನಿಗೆ ಯಾರಾದರೂ ಹೇಳಿಕೊಡಬೇಕೆ?

ಕೋಟೆ. ಬಂಡೆ. ಬರಹ. ಕನ್ನಡ. ಅರ್ಧ ಗಂಟೆಯಲ್ಲಿ ಅವನ ತಲೆಯಲ್ಲಿ ಒಂದು ರಾಜವಂಶ ಎದ್ದು ನಿಂತಿತು. ಕನ್ನಡದ ಸೇನೆ ಘಟ್ಟವಿಳಿದು, ತಿರುವನಂತಪುರದವರೆಗೆ ಬಂದು, ಕೋಟೆ ಕಟ್ಟಿ, ಶಾಸನ ಕೆತ್ತಿಸಿ, ಆಮೇಲೆ ಯಾಕೋ ಏನೋ ಎದ್ದು ಹೋಗಿತ್ತು. ಚರಿತ್ರೆಕಾರರಿಗೆ ಈ ವಿಷಯ ತಿಳಿಯದೆ ಹೋಗಿದ್ದು ಅವರ ಸೋಮಾರಿತನ.

ಫೋನನ್ನು ಮಗಳ ಮುಖಕ್ಕೆ ಹಿಡಿದ. “ಓದು. ಏನಂತ ಬರ್ದಿದೆ?”

ಸಮೀಕ್ಷಾ ಓದಿದಳು. ಫೋನು ಹಿಂದಕ್ಕೆ ಕೊಟ್ಟು, “ಅಪ್ಪಾ, ಅದು ಕನ್ನಡಯಾ...” ಎಂದು ಮಲಯಾಳದ ರಾಗದಲ್ಲಿ ಏನೋ ಶುರುಮಾಡಿದಳು. ನಿತ್ಯಾನಂದನಿಗೆ ಕೇಳಿಸಿದ್ದು ಹಾಗೆ.

“ಕೇಳಿದ್ಯಾ ರತ್ನ? ಇವಳೇ ಒಪ್ಕೊಂಡ್ಳು, ಅದು ಕನ್ನಡ ಅಂತ!”

ಅಡುಗೆಮನೆಯಿಂದ ಅವನ ಹೆಂಡತಿ ರತ್ನ ಇಣುಕಿದಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಅವಳಿಗೆ ಮಲಯಾಳ ನೀರು ಕುಡಿದಷ್ಟು ಸಲೀಸಾಗಿತ್ತು. “ರೀ, ಅವಳು ಹೇಳ್ತಿರೋದು ಪೂರ್ತಿ ಕೇಳಿ,” ಎಂದಳು.

ಮಗಳು ಮತ್ತೆ ಮಲಯಾಳದಲ್ಲೇ ಬಾಯಿ ತೆರೆದಳು. ನಿತ್ಯಾನಂದ ಕೈ ಎತ್ತಿದ. “ಕನ್ನಡದಲ್ಲಿ ಹೇಳು.”

ಸಮೀಕ್ಷಾ ಎತ್ತಿದ ಆ ಕೈಯನ್ನೇ ನೋಡಿದಳು. ಆಮೇಲೆ ಒಂದೊಂದೇ ಪದ ಆರಿಸಿ, ಕನ್ನಡದಲ್ಲಿ ಕೇಳಿದಳು. “ಅಲ್ಲಿರೋದು ನಿನ್ನ ಕನ್ನಡ ಅಲ್ದೇ ಇದ್ರೆ, ನನ್ನ ಫಾರ್ಮ್‌ಗೆ ಸೈನ್ ಹಾಕ್ತೀಯಾ?”

“ಅಲ್ಲೇ ಆ ಬಂಡೆ ಮೇಲೇ ಹಾಕ್ತೀನಿ. ಕನ್ನಡ ಆಗಿದ್ರೆ ಮೈಸೂರಿಗೆ ಹೋಗಿ ನಾನು ಹೇಳಿದ್ದು ಓದ್ಬೇಕು. ಸರೀನಾ?”

“ಸರಿ.”

ಪಣ ಬಿತ್ತು. ಮಗಳು ಒಂದಿಡೀ ವಾಕ್ಯ ಕನ್ನಡದಲ್ಲಿ ಆಡಿದ ಸಂತೋಷಕ್ಕೆ ನಿತ್ಯಾನಂದ ಅಂದು ರಾತ್ರಿ ಎರಡು ಬಾಳೆಹಣ್ಣು ಹೆಚ್ಚು ತಿಂದ.

ಬಳಗದಲ್ಲಿ ಸುದ್ದಿ ಹಬ್ಬಿತು. ಇಪ್ಪತ್ತಾರು ಜನ ಹೆಸರು ಕೊಟ್ಟರು. ತಿರುವನಂತಪುರದ ಅನಂತ ಕನ್ನಡ ಕೂಟಕ್ಕೂ ಆಹ್ವಾನ ಹೋಯಿತು. ಕೊಚ್ಚಿಯವರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಅವರದು ರಾಜಧಾನಿಯ ಕೂಟವಂತೆ, ಇವರದು ಬರೀ ಬಂದರಿನ ಬಳಗವಂತೆ. ಆ ಕೂಟದ ಅಧ್ಯಕ್ಷ ಧಾರವಾಡದ ರಾಜೀವ್, ಬ್ಯಾಂಕ್ ಮ್ಯಾನೇಜರು, ವರ್ಗವಾಗಿ ಬಂದು ವರ್ಷವೂ ಆಗಿರಲಿಲ್ಲ. ತನ್ನ ಮೂಗಿನ ಕೆಳಗೇ ಇದ್ದ ಕನ್ನಡ ಶಾಸನವನ್ನು ಕೊಚ್ಚಿಯವನೊಬ್ಬ ಪತ್ತೆ ಹಚ್ಚಿದನಲ್ಲ ಎಂದು ಹೊಟ್ಟೆ ಉರಿದುಕೊಂಡೇ ಬರುತ್ತೇನೆಂದ.

ನಿತ್ಯಾನಂದ ಬ್ಯಾನರು ಮಾಡಿಸಿದ. ‘ಕೇರಳದ ನೆತ್ತಿಯ ಮೇಲೆ ಕನ್ನಡದ ಹೆಜ್ಜೆ’. ಇಡಪ್ಪಳ್ಳಿಯ ಪ್ರಿಂಟರಿನವನ ಕಂಪ್ಯೂಟರಿಗೆ ಕನ್ನಡದ ಒತ್ತಕ್ಷರ ಸೇರಲಿಲ್ಲ, ಅದು ‘ನ’ಕಾರವನ್ನೂ ‘ಜ’ಕಾರವನ್ನೂ ಒಡೆದು ಬೇಕಾದಲ್ಲಿ ಚೆಲ್ಲಿತು. ಬ್ಯಾನರು ಬಿಚ್ಚಿದ ದಿನ ಸಮೀಕ್ಷಾ ಅದರ ಮುಂದೆ ನಿಂತು ಬೆರಳು ತೋರಿಸಿ ಮಲಯಾಳದಲ್ಲಿ ಏನೋ ಹೇಳಿದಳು. ಅಪ್ಪನ ಕೈ ಮೇಲೆ ಹೋಯಿತು. ಅವಳು ಭುಜ ಕುಣಿಸಿ ಒಳಗೆ ಹೋದಳು.

ಮೇ ತಿಂಗಳ ನಾಲ್ಕನೇ ಶನಿವಾರ ಬೆಳಿಗ್ಗೆ ಐದಕ್ಕೆ ಕೊಚ್ಚಿಯ ವೈಟ್ಟಿಲದಿಂದ ಬಸ್ಸು ಹೊರಟಿತು. ದಾರಿಯುದ್ದಕ್ಕೂ ನಿತ್ಯಾನಂದನ ಕೈಯಲ್ಲಿ ಮೈಕು. ಮಲಯಾಳದಲ್ಲಿ ಮಲ ಎಂದರೆ ಬೆಟ್ಟ. ಕನ್ನಡದಲ್ಲಿ ಏನೆಂದು ಹೇಳಬೇಕಾಗಿಲ್ಲ. “ಇವತ್ತು ನಾವೆಲ್ಲ ಸೇರಿ ಮಲ ಹತ್ತೋಣ,” ಎಂದು ಅವನು ಹೇಳಿದಾಗ ಇಡೀ ಬಸ್ಸು ಹೊಟ್ಟೆ ಹಿಡಿದು ನಕ್ಕಿತು. ಈ ಒಂದೇ ನಗೆಚಟಾಕಿಯ ಮೇಲೆ ಬಳಗ ಹದಿನೇಳು ವರ್ಷ ಬದುಕಿತ್ತು. ಒಂದೇ ಸದ್ದಿಗೆ ಎರಡು ಊರಿನಲ್ಲಿ ಎರಡು ಅರ್ಥ ಇರಬಹುದು ಎಂಬುದು ನಗುವ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು.

ಗುಡ್ಡದ ಬುಡ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ರಾಜೀವ್ ತನ್ನ ಕೂಟದ ಎಂಟು ಜನರೊಂದಿಗೆ ಕಾಯುತ್ತಿದ್ದ. ಅಲ್ಲೊಂದು ಹಳದಿ ಬೋರ್ಡು, ಮಲಯಾಳದಲ್ಲಿ ದುಂಡು ದುಂಡಾದ ಒಂದೇ ಪದ, ಮೇಲಕ್ಕೊಂದು ಬಾಣದ ಗುರುತು. ನಿತ್ಯಾನಂದ ಎಲ್ಲರನ್ನೂ ಅದರ ಕೆಳಗೆ ಸಾಲಾಗಿ ನಿಲ್ಲಿಸಿ, ಬ್ಯಾನರು ಹಿಡಿಸಿ ಫೋಟೋ ತೆಗೆಸಿದ. ಕೊಚ್ಚಿಯಲ್ಲಿ ಶಾಲೆ ಕಲಿತ ಎರಡು ಮೂರು ಹುಡುಗಿಯರು ಬೋರ್ಡು ಓದಿ ಕಿಸಿಕಿಸಿ ನಗತೊಡಗಿದರು. ದೊಡ್ಡವರು ಗದರಿದರು.

ಸಮೀಕ್ಷಾ ನಗಲಿಲ್ಲ. ಅಪ್ಪನ ಪಕ್ಕಕ್ಕೆ ಬಂದು ಅವನ ತೋಳು ಹಿಡಿದಳು. “ಅಪ್ಪಾ, ವಾಪಸ್ ಹೋಗೋಣ್ವಾ? ಸೈನ್ ಬೇಡ. ಇನ್ನೊಂದ್ ಸಲ ಮಾತಾಡೋಣ,” ಎಂದಳು. ಕನ್ನಡದಲ್ಲೇ ಹೇಳಿದಳು, ಹಾಗೆ ಹೇಳೆಂದು ಯಾರೂ ಕೇಳಿರಲಿಲ್ಲ.

ನಿತ್ಯಾನಂದ ಹಿಗ್ಗಿದ. ಸೋಲು ಹತ್ತಿರ ಬಂದ ಕೂಡಲೇ ಎಂಥವರಿಗೂ ಮಾತೃಭಾಷೆ ನೆನಪಾಗುತ್ತದೆ! “ಹೆದರ್ಕೋಬೇಡ ಪುಟ್ಟಿ. ಮೈಸೂರು ಬಾಳ ಒಳ್ಳೆ ಊರು,” ಎಂದು ಅವಳ ಬೆನ್ನು ತಟ್ಟಿ, ಕನ್ನಡಕವನ್ನು ಹಣೆಯ ಮೇಲೇರಿಸಿ, ಬೆವರು ಒರೆಸಿಕೊಂಡು ಮೆಟ್ಟಿಲು ಹತ್ತಿದ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಕೋಟ್ಟಮಲ ದೂರದಿಂದಲೂ ನುಣ್ಣಗಿರಲಿಲ್ಲ. ಮುಕ್ಕಾಲು ಗಂಟೆ ಹತ್ತಿ, ಏದುಸಿರು ಬಿಟ್ಟು, ಮೇಲೆ ನಿಂತ ರಾಜೀವ್ ಸುತ್ತ ಕಣ್ಣಾಡಿಸಿ ಕೇಳಿದ.

“ಕೋಟಿ ಎಲ್ಲೈತ್ರೀ ನಿತ್ಯಾನಂದ ಅವರ?”

“ನೀವು ನಿಂತಿರೋದೇ ಕೋಟೆ ಮೇಲೆ.”

ರಾಜೀವ್ ಕಾಲ ಕೆಳಗೆ ನೋಡಿದ. ಮೂರು ಸಾಲು ಕಲ್ಲು. ಒಂದು ಕಾಲದಲ್ಲಿ ಅದು ಗೋಡೆಯಾಗಿತ್ತು, ಮಿಕ್ಕದ್ದನ್ನು ಊರವರು ತಲೆಮಾರುಗಳಿಂದ ಹೊತ್ತೊಯ್ದು ದನದ ಕೊಟ್ಟಿಗೆ ಕಟ್ಟಿಕೊಂಡಿದ್ದರು. ಅತ್ತ ಬಾಗಿಲಿನ ಒಂದು ಕಂಬ, ಇತ್ತ ಪಾಚಿಗಟ್ಟಿದ ಕೊಳ, ಕೊಳದಲ್ಲಿ ಮಂಡಿಯುದ್ದ ನೀರು ಮತ್ತು ಒಂದು ಚಿಪ್ಸ್ ಪೊಟ್ಟಣ. ಶತ್ರುಗಳ ಪೈಕಿ ಎರಡು ಆಡು. ಹುಣಸೆಮರದ ನೆರಳಿನಲ್ಲಿ ಕಲ್ಯಾಣಿ ಎಂಬ ಮುದುಕಿ ಮಡಕೆಯಿಟ್ಟುಕೊಂಡು ಮಜ್ಜಿಗೆ ಮಾರುತ್ತಿದ್ದಳು. ಮೂವತ್ತೈದು ಗಿರಾಕಿಗಳು ಒಟ್ಟಿಗೆ ಬಂದದ್ದನ್ನು ಕಂಡು ಅವಳು ಮಡಕೆಗೆ ಇನ್ನೊಂದು ಚೊಂಬು ನೀರು ಸೇರಿಸಿದಳು.

ಬಂಡೆ ಕೋಟೆಯ ಆ ತುದಿಗಿತ್ತು. ಆನೆಯ ಗಾತ್ರದ್ದು. ನಿತ್ಯಾನಂದ ಓಡಿಯೇ ಹೋದ. ಬಂಡೆಯ ಒಂದು ಮಗ್ಗುಲಲ್ಲಿ, ಎದೆಮಟ್ಟದಲ್ಲಿ, ಬಿಸಿಲಿಗೂ ಮಳೆಗೂ ಕಪ್ಪಗಾದ ಒಂದು ಸಾಲು ಅಕ್ಷರ. ದುಂಡಗಿನ ಅಕ್ಷರ!

“ಹಳಗನ್ನಡ!” ಎಂದು ಕೂಗಿದ. ಧ್ವನಿ ಕಣಿವೆಯಲ್ಲಿ ಮೊಳಗಿತು.

ಮುಂದೆ ನಿಂತ ದೊಡ್ಡವರಲ್ಲಿ ಯಾರಿಗೂ ಒಂದಕ್ಷರ ಓದಲಾಗಲಿಲ್ಲ. ಅದೇ ಅದು ಹಳಗನ್ನಡ ಎನ್ನುವುದಕ್ಕೆ ಪುರಾವೆಯಾಯಿತು. ಓದಿದರೆ ಅರ್ಥವಾಗುವುದಕ್ಕೆ ಅದೇನು ಬಸ್ಸಿನ ಬೋರ್ಡೇ? ರಾಜೀವ್ ಕೂಡ ಚಪ್ಪಲಿ ಬಿಟ್ಟು ಕೈಮುಗಿದ. ನಿತ್ಯಾನಂದ ಚೀಲದಿಂದ ಅರಿಶಿನ ಕುಂಕುಮ ತೆಗೆದು ಅಕ್ಷರಗಳಿಗೆ ಹಚ್ಚಿದ, ಕೊಚ್ಚಿಯಿಂದ ತಂದ ಸೇವಂತಿಗೆ ಹಾರವನ್ನು ಬಂಡೆಯ ಮೂಲೆಗೆ ಸಿಕ್ಕಿಸಿ ಬರಹದ ಮೇಲೆ ಇಳಿಬಿಟ್ಟ, ಎರಡು ಊದುಬತ್ತಿ ಹಚ್ಚಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಸುಳ್ಳಲ್ಲ.

“ಸಮೀಕ್ಷಾ, ಬಾ. ನೀನೇ ಓದ್ಬೇಕು. ಕಾಗುಣಿತ ಗೊತ್ತಿರೋರಿಗೆ ಹಳಗನ್ನಡವೂ ಬರತ್ತೆ.”

ಸಮೀಕ್ಷಾ ಹತ್ತಿರ ಬಂದು ಬಂಡೆ ನೋಡಿದಳು. ಓದಿದ್ದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ಅಮ್ಮನ ಕಡೆ ತಿರುಗಿದಳು. ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಬೇಡ ಅಪ್ಪಾ. ಕೆಳಗೆ ಇಳಿಯೋಣ.”

“ಓದು ಪುಟ್ಟಿ!”

ಅಷ್ಟರಲ್ಲಿ ಹಿಂದಿನಿಂದ ಒಂದು ಚೀತ್ಕಾರ ಕೇಳಿತು. ಮಜ್ಜಿಗೆಯ ಕಲ್ಯಾಣಿ ಜನರನ್ನು ತಳ್ಳಿಕೊಂಡು ಬಂದು, ಹಾರ ನೋಡಿ, ಊದುಬತ್ತಿ ನೋಡಿ, ಎದೆ ಬಡಿದುಕೊಂಡು ಮಲಯಾಳದಲ್ಲಿ ಅರಚತೊಡಗಿದಳು.

“ಏನಂತೆ?” ಎಂದು ನಿತ್ಯಾನಂದ ಗಾಬರಿಯಾಗಿ ಕೇಳಿದ. ಹದಿನೇಳು ವರ್ಷದಲ್ಲಿ ಮಲಯಾಳದ ಮಾತೊಂದರ ಅರ್ಥ ಅವನು ತಾನಾಗಿ ಕೇಳಿದ್ದು ಇದೇ ಮೊದಲು.

ರತ್ನಳಿಗೆ ಇನ್ನು ತಡೆಯಲಾಗಲಿಲ್ಲ. “ನನ್ನ ಮಗ ಸಜಿಗೆ ಏನಾಯ್ತು ಅಂತ ಕೇಳ್ತಿದ್ದಾರೆ. ನಿನ್ನೆ ದುಬೈಯಿಂದ ಫೋನ್ ಮಾಡಿದ್ದ, ಚೆನ್ನಾಗೇ ಇದ್ದ, ನೀವ್ಯಾಕೆ ಅವನ ಹೆಸರಿಗೆ ಹಾರ ಹಾಕಿದೀರಿ ಅಂತಿದ್ದಾರೆ.”

“ಯಾವ ಸಜಿ?”

“ಅದೇ ರೀ, ಬಂಡೆ ಮೇಲಿರೋನು. ‘ಸಜಿ, ಬಿಂದು’ ಅಂತ ಬರ್ದಿದೆ. ಹತ್ತನೇ ಕ್ಲಾಸಲ್ಲಿ ಉಳಿ ತಗೊಂಡು ಕೆತ್ತಿದ್ನಂತೆ. ಬಿಂದು ಬೇರೆಯವರನ್ನ ಮದುವೆ ಆದ್ಳಂತೆ. ಸಜಿಯ ಹೆಂಡ್ತಿ ಇನ್ನೂ ಈ ಬೆಟ್ಟ ಹತ್ತಿಲ್ಲ, ಹತ್ತಿಸಬೇಡಿ ಅಂತಿದ್ದಾರೆ.”

ಹಾರವನ್ನು ರಾಜೀವನೇ ತೆಗೆದ. ಮುದುಕಿಯ ಸಮಾಧಾನಕ್ಕೆ ಊದುಬತ್ತಿಯನ್ನೂ ಆರಿಸಿದ. ಚಪ್ಪಲಿ ಹಾಕಿಕೊಂಡ.

ಆದರೆ ನಿತ್ಯಾನಂದ ಸುಲಭಕ್ಕೆ ಕೋಟೆ ಬಿಟ್ಟುಕೊಡುವ ಪೈಕಿಯಲ್ಲ. ಬರಹ ಸಜಿಯದೇ ಇರಲಿ, ಹೆಸರು? “ಹಾಗಾದ್ರೆ ಇದಕ್ಕೆ ಕನ್ನಡ ಪಾರ ಅಂತ ಯಾಕೆ ಕರೀತಾರೆ? ಕೇಳು ಅವರನ್ನ! ಕನ್ನಡ ಪಾರ! ಕನ್ನಡ!”

ಕಲ್ಯಾಣಿಗೆ ಆ ಒಂದು ಪದ ತಿಳಿಯಿತು. ಅಳು ನಿಲ್ಲಿಸಿ, ಇವನಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿ, ಅವನ ಕೈ ಹಿಡಿದು ಹತ್ತು ಹೆಜ್ಜೆ ಹಿಂದಕ್ಕೆ ಎಳೆದುಕೊಂಡು ಹೋಗಿ ನಿಲ್ಲಿಸಿ ಬಂಡೆಯ ಕಡೆ ಬೆರಳು ಮಾಡಿದಳು. ಅಲ್ಲಿಂದ ಕಂಡಿತು. ಬಂಡೆಯ ನೆತ್ತಿಯಲ್ಲಿ ಅಕ್ಕಪಕ್ಕ ಎರಡು ದುಂಡು ತೂತು, ಆ ಕಡೆಯ ಆಕಾಶ ಕಾಣುವಂಥದು, ನಡುವೆ ಮೂಗಿನಂಥ ಒಂದು ದಿಂಡು. ಮುದುಕಿ ಎರಡೂ ಕೈಯ ಬೆರಳುಗಳನ್ನು ಬಳೆಯಂತೆ ಮಾಡಿ ಕಣ್ಣಿಗಿಟ್ಟುಕೊಂಡಳು.

“ಕಣ್ಣಡ,” ಎಂದಳು. ಮೂಗು ಒತ್ತಿ, ‘ಣ’ಕಾರ ಬಿಡಿಸಿ, ಮಕ್ಕಳಿಗೆ ಹೇಳಿಕೊಡುವಂತೆ ಇನ್ನೊಮ್ಮೆ. “ಕಣ್ಣಡ!”

“ಕನ್ನಡಕ,” ಎಂದಳು ರತ್ನ ಮೆಲ್ಲಗೆ. “ಮಲಯಾಳದಲ್ಲಿ ಕಣ್ಣಡ ಅಂದ್ರೆ ಕನ್ನಡಕ ರೀ. ಕೆಳಗಿನ ಬೋರ್ಡಲ್ಲೂ ಅದೇ ಬರ್ದಿತ್ತು.”

ಮೂವತ್ತೈದು ಜನರೂ ತಲೆ ಎತ್ತಿ ಬಂಡೆಯ ಎರಡು ತೂತು ನೋಡಿದರು. ಆಡೊಂದು ಕೆಮ್ಮಿತು. ಆಮೇಲೆ ರಾಜೀವ್ ಬಾಯಿ ತೆರೆದ.

“ಬೆಟ್ಟಾ ಅಗದು ಇಲಿ ಹಿಡದರಂತ. ನೀವು ಬೆಟ್ಟಾ ಹತ್ತಿ ಚಸ್ಮಾ ಹಿಡದ್ರಲ್ರೀ ಸರ! ಒಂದ ಕೆಲಸ ಮಾಡ್ರಿ, ನಿಮ್ಮ ಬಳಗದ ಹೆಸರು ಕನ್ನಡಕ ಬಳಗ ಅಂತ ಬದಲಿ ಮಾಡ್ರಿ. ಇಲ್ಲಿ ಮಂದಿ ಹೆಂಗೂ ಇಷ್ಟ ದಿನ ಹಂಗ ತಿಳಕೊಂಡಿರ್ತಾರ.”

ಬಿದ್ದು ಬಿದ್ದು ನಕ್ಕರು. ಕೊಚ್ಚಿಯವರೂ ನಕ್ಕರು, ಐದು ನಿಮಿಷದ ಹಿಂದೆ ಕೈಮುಗಿದದ್ದು ತಾವಲ್ಲ ಎಂಬಂತೆ. ಮಜ್ಜಿಗೆ ಕುಡಿದರು. ಪುಳಿಯೋಗರೆಯ ಡಬ್ಬಿಗಳು ತೆರೆದವು. ಬ್ಯಾನರನ್ನು ಹಾಸಿ ಅದರ ಮೇಲೆ ಕೂತರು, ಕನ್ನಡದ ಹೆಜ್ಜೆಯ ಮೇಲೆ ಉಪ್ಪಿನಕಾಯಿಯ ಎಣ್ಣೆ ಸೋರಿತು.

ನಿತ್ಯಾನಂದ ಗೋಡೆಯ ಮುರಿದ ತುದಿಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಒಬ್ಬನೇ ಕೂತ.  ಕಲ್ಲಿನ ಗೋಡೆ ಕಟ್ಟಿಕೊಂಡು ಹೊರಗಿನವರನ್ನು ಒಳಗೆ ಬಿಡದೆ ಕೂತ ಯಾವನೋ ರಾಜನ ಗತಿ ಏನಾಯಿತೆಂದು ಅವನ ಕಣ್ಣೆದುರೇ ಇತ್ತು, ಮೂರು ಸಾಲು ಕಲ್ಲು ಮತ್ತು ಆಡಿನ ಹಿಕ್ಕೆ. ನೋಡುವ ಮನಸ್ಸು ಅವನಿಗಿರಲಿಲ್ಲ.

ಸಮೀಕ್ಷಾ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿ ಕೂತಳು. 

“ನಿಂಗೆ ಅವತ್ತೇ ಗೊತ್ತಿತ್ತಾ?” ಎಂದು ಅವನೇ ಕೇಳಿದ.

“ಹೇಳಿದ್ನಲ್ಲ ಅಪ್ಪಾ. ಅದು ಕಣ್ಣಡಯಾ ಅಂತ. ನೀನು ಕೈ ಎತ್ತಿದೆ.” ಮಜ್ಜಿಗೆಯ ಲೋಟವನ್ನು ಅವನ ಕಡೆ ಸರಿಸಿದಳು. “ಆಮೇಲೆ ಸಿಟ್ಟು ಬಂತು. ಅದಕ್ಕೇ ಪಣ ಕಟ್ಟಿದೆ. ಕೆಳಗೆ ಬೋರ್ಡ್ ಹತ್ರ ನೀನು ಅಷ್ಟು ಖುಷಿಯಾಗಿ ಫೋಟೋಗೆ ನಿಂತಿದ್ಯಲ್ಲ, ಆಗ ಬೇಜಾರಾಯ್ತು.”

ವಾಪಸ್ ಹೋಗೋಣ್ವಾ ಎಂದು ಅವಳು ತೋಳು ಹಿಡಿದದ್ದು ಅವನಿಗೆ ನೆನಪಾಯಿತು. ಯಾರೂ ಕೇಳದೆ, ಯಾವ ಕಾಯಿದೆಯೂ ಇಲ್ಲದ ಗುಡ್ಡದ ಬುಡದಲ್ಲಿ ಮಗಳು ತಾನಾಗಿ ಕನ್ನಡ ಆಡಿದ್ದಳು. ಅಪ್ಪನ ಮಾನ ಉಳಿಸಲು ಆಡಿದ್ದಳು. ಅದನ್ನು ತಾನು ಸೋಲಿನ ಭಯ ಎಂದುಕೊಂಡು ಬೆನ್ನು ತಟ್ಟಿದ್ದ. ನಿತ್ಯಾನಂದನಿಗೆ ತನ್ನ ಮೇಲೆ ನಾಚಿಕೆಯಾಯಿತು. ರಾಜೀವ್ ಮೂವತ್ತೈದು ಜನರ ಮುಂದೆ ಮಾಡಲಾಗದ್ದನ್ನು ಹುಡುಗಿ ಎರಡು ಮಾತಿನಲ್ಲಿ ಮಾಡಿದ್ದಳು.

“ಕೊಡು ಫಾರ್ಮು.”

“ಇವತ್ತೇ ಬೇಡ ಅಪ್ಪಾ.”

“ಬಂಡೆ ಮೇಲೇ ಹಾಕ್ತೀನಿ ಅಂದಿದ್ದೆ, ಈ ಕಲ್ಲಾದ್ರೂ ಆಗತ್ತೆ. ಕೊಡು.”

ಅವಳು ಚೀಲದಿಂದ ಅರ್ಜಿ ತೆಗೆದು ಕಲ್ಲಿನ ಮೇಲೆ ಹಾಸಿದಳು. ಅಕ್ಷರಗಳೆಲ್ಲ ಕಲಸಿದ ರಾಗಿಹಿಟ್ಟಿನಂತೆ ಮಂಕಾಗಿ ಕಂಡವು. ನಿತ್ಯಾನಂದ ಜೇಬು ತಡಕಿದ, ಚೀಲ ತಡಕಿದ, ಕಲ್ಲಿನ ಸಂದಿ ನೋಡಿದ. ಕೇಳಲು ಬಾಯಿ ತೆರೆದವನು ಅರ್ಧಕ್ಕೆ ನಿಲ್ಲಿಸಿದ.  ಆಮೇಲೆ, ನೆಲ ನೋಡುತ್ತ, ತೊದಲುತ್ತ ಕೇಳಿದ.

“ಮೋಳೇ... ಎಂಡೆ ಕಣ್ಣಡ ಎವಿಡೆ?”

ಮಗಳೇ, ನನ್ನ ಕನ್ನಡಕ ಎಲ್ಲಿ. ಅವನ ಬಾಯಿಂದ ಬಂದ ಮೊದಲ ಇಡೀ ಮಲಯಾಳ ವಾಕ್ಯ. ‘ಣ’ಕಾರ ಸರಿಯಾಗಿಯೇ ಬಿದ್ದಿತ್ತು.

ಸಮೀಕ್ಷಾ ಅವನ ಮುಖವನ್ನೇ ನೋಡಿದಳು. ಕೈ ಚಾಚಿ ಅವನ ನೆತ್ತಿಯ ಮೇಲಿದ್ದ ಕನ್ನಡಕವನ್ನು ಎಳೆದು ಮೂಗಿನ ಮೇಲೆ ಕೂರಿಸಿದಳು. “ತಲೆ ಮೇಲೇ ಇತ್ತು ಅಪ್ಪಾ,” ಎಂದಳು, ಕನ್ನಡದಲ್ಲಿ.

ಅರ್ಜಿ ಸ್ಪಷ್ಟವಾಯಿತು. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಮಾತೃಭಾಷೆ. ಮಾತೃಭಾಷೆಯ ಮುಂದೆ ಅವಳು ಇಂಗ್ಲಿಷಿನಲ್ಲಿ ಕನ್ನಡ ಎಂದು ತುಂಬಿದ್ದಳು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ.

“ಇದು ಯಾವ್ದು? ಭಾಷೆಯೋ, ಮೂಗಿನ ಮೇಲಿಂದೋ?”

“ನೀನೇ ನೋಡ್ಕೋ,” ಎಂದು ಅವಳು ನಕ್ಕಳು.

ಅವನು ಎಂದಿನಂತೆ ಕನ್ನಡದಲ್ಲಿ ಸಹಿ ಹಾಕಿದ. ಕೆಳಗಿದ್ದ ಒರಟು ಕಲ್ಲಿಗೆ ಪೆನ್ನು ಎಡವುತ್ತಿತ್ತು, ನಿಧಾನವಾಗಿ ಬರೆದ. ಸಮೀಕ್ಷಾ ಅರ್ಜಿ ಎತ್ತಿ ಹಿಡಿದು, ‘ನಿತ್ಯಾನಂದ’ ಎಂಬ ಹೆಸರನ್ನು ಮೇಷ್ಟರಂತೆ ಪರೀಕ್ಷಿಸಿದಳು.

“ಒತ್ತಕ್ಷರ ಸರಿಯಾಗಿದೆ,” ಎಂದಳು. “ಬ್ಯಾನರಲ್ಲಿ ಎರಡು ಕಡೆ ತಪ್ಪಿತ್ತು. ಅವತ್ತೇ ಹೇಳಿದ್ದೆ.”

ಯಾವ ಭಾಷೆಯಲ್ಲಿ ಎಂದು ನಿತ್ಯಾನಂದ ಕೇಳಲಿಲ್ಲ.